ಹೆಬ್ಬೇವೋ, ಹುಚ್ಚುಬೇವೋ? ಸಸಿ ಕೊಳ್ಳೋ ಮುಂಚೆ ಗುರುತು ಹಿಡೀರಿ

ಮುಂಗಾರು ಹತ್ರ ಬಂದಂಗೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ಗೋವಿನಜೋಳ, ಮೆಣಸಿನಕಾಯಿ ಹೊಲದ ಬದುವಿಗೆ ಹೆಬ್ಬೇವು ಹಚ್ಚಬೇಕು ಅನ್ನೋ ಯುವ ರೈತರು ಬಹಳ. ಇದು ನಮ್ಮ ಪಶ್ಚಿಮ ಘಟ್ಟದ ಕಾಡಿನ ಮರ. ನೆಟ್ಟಗೆ ಬೆಳೆಯುತ್ತೆ, ಪ್ಲೈವುಡ್‌ಗೆ ಬೇಡಿಕೆ ಇದೆ. ಆದರೆ ಅದರ ಹೆಸರಲ್ಲಿ ಹುಚ್ಚುಬೇವಿನ ಸಸಿ ಬಂದರೆ, ಗೊತ್ತಾಗೋ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ.

ಬೇವು (ಅಜಾಡಿರಾಕ್ಟಾ ಇಂಡಿಕಾ), ಹೆಬ್ಬೇವು (ಮೀಲಿಯಾ ಡೂಬಿಯಾ), ಹುಚ್ಚುಬೇವು (ಮೀಲಿಯಾ ಅಜೆಡರಾಕ್) ಮೂರೂ ಒಂದೇ ಕುಟುಂಬದವು. ಹೀಗೆ ಬೇರ್ಪಡಿಸಿ:

ಎಲೆ: ಬೇವಿನಲ್ಲಿ ಒಂದೇ ಕಡ್ಡಿಯ ಎರಡೂ ಬದಿಗೆ ಕುಡುಗೋಲಿನಂತೆ ಬಾಗಿದ ಎಲೆಗಳು. ಉಳಿದೆರಡರಲ್ಲಿ ಆ ಕಡ್ಡಿಯಿಂದ ಮತ್ತೆ ಕವಲು ಒಡೆದು, ಕವಲಿನ ಮೇಲೆ ಎಲೆಗಳು. ಅಂದರೆ ಎಲೆ ನೋಡಿ ಬೇವನ್ನು ಬೇರೆ ಮಾಡಬಹುದು. ಹೆಬ್ಬೇವು, ಹುಚ್ಚುಬೇವಿನ ನಡುವೆ ಎಲೆ ಒಂದನ್ನೇ ನಂಬಬೇಡಿ.

ಚಿಗುರು: ಹೆಬ್ಬೇವಿನ ಎಳೆ ಚಿಗುರಿನ ಮೇಲೆ ಹಿಟ್ಟು ಉದುರಿಸಿದಂಗೆ ದಟ್ಟ ರೋಮ ಇರುತ್ತೆ. ಎಲೆ ಬಲಿತಂತೆ ಅದು ಉದುರುತ್ತೆ.

ಹೂವು: ಹೆಬ್ಬೇವಿನದು ಹಸಿರು ಮಿಶ್ರಿತ ಬಿಳಿ. ಹುಚ್ಚುಬೇವಿನದು ತಿಳಿ ನೇರಳೆ, ನಡುವೆ ಕಡು ನೇರಳೆ ಕೊಳವೆ.

ಕಾಯಿ: ಇದೇ ಪಕ್ಕಾ ಗುರುತು. ಹೆಬ್ಬೇವಿನ ಕಾಯಿ ಮೊಟ್ಟೆಯಾಕಾರ, ಸುಮಾರು 3 ಸೆಂ.ಮೀ. ಉದ್ದ, ಒಳಗೆ ಗಟ್ಟಿ ಓಟೆ. ಹುಚ್ಚುಬೇವಿನದು ದುಂಡಗೆ, 1ರಿಂದ 1.5 ಸೆಂ.ಮೀ., ಹಣ್ಣಾದಾಗ ಹಳದಿ. ಆ ಹಣ್ಣು ವಿಷ, ಮಕ್ಕಳು, ದನಕರು ತಿನ್ನದಂತೆ ನೋಡ್ಕೊಳ್ಳಿ.

ಕಾಂಡ: ಹೆಬ್ಬೇವು ಕಂಬದಂಗೆ ಮೇಲೇರುತ್ತೆ. ಹುಚ್ಚುಬೇವು ಸಾಮಾನ್ಯವಾಗಿ ಕೆಳಗೇ ಟೊಂಗೆ ಒಡೆದು ಅಗಲವಾಗುತ್ತೆ.

ಈಗ ಮುಖ್ಯ ಮಾತು. ಪಾಕೀಟಿನಲ್ಲಿರೋ ಒಂದಡಿ ಸಸಿಗೆ ಹೂವೂ ಇಲ್ಲ, ಕಾಯಿಯೂ ಇಲ್ಲ. ಎಲೆಯ ಫೋಟೊ ಹಾಕಿದರೆ ಮೊಬೈಲ್ ಆ್ಯಪ್ ಕೂಡ ತಪ್ಪು ಹೆಸರು ಹೇಳಬಹುದು. ಹಾಗಾಗಿ ಸಸಿ ನೋಡಿ ತೀರ್ಮಾನ ಮಾಡಬೇಡಿ, ತಾಯಿಮರ ಕೇಳಿ. ಬೀಜ ಎಲ್ಲಿಂದ ತಂದದ್ದು? ಓಟೆ ತೋರಿಸ್ತೀರಾ? ಅಂತ ನರ್ಸರಿಯವರನ್ನು ಕೇಳೋದಕ್ಕೆ ಸಂಕೋಚ ಬೇಡ. ಬಿಲ್‌ನಲ್ಲಿ ಮೀಲಿಯಾ ಡೂಬಿಯಾ ಅಂತ ಬರೆಸ್ಕೊಳ್ಳಿ.

ನಿಮ್ಮೂರಲ್ಲಿ ಬೆಳೆದ ಮರ ಇದ್ದರೆ ಇಡೀ ಮರ, ತೊಗಟೆ, ಬುಡದಿಂದ ತುದಿವರೆಗೆ ಒಂದು ಪೂರ್ತಿ ಎಲೆ, ಹೂವು, ಅಳತೆಪಟ್ಟಿ ಪಕ್ಕದಲ್ಲಿಟ್ಟ ಕಾಯಿ, ಹೀಗೆ ಐದು ಫೋಟೊ ತೆಗೀರಿ. ಅನುಮಾನ ಇದ್ದರೆ ಹನುಮನಮಟ್ಟಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಟೊಂಗೆ, ಕಾಯಿ ಸಮೇತ ಹೋಗಿ ತೋರಿಸಿ. ಗುಂಡಿ ತೆಗೆಯೋದು ಆಮೇಲೆ.