ಡೆನ್ಮಾರ್ಕ್ ದೇಶದಲ್ಲಿ ಬಿಸಿಲಿನ ಶಕ್ತಿಯೂ ಸರ್ಕಾರದ ಉತ್ತೇಜನವೂ

ಯೂರೋಪಿನ ಉತ್ತರ ಭಾಗದಲ್ಲಿರುವ ಡೆನ್ಮಾರ್ಕ್ ಎಂಬ ಚಿಕ್ಕ ದೇಶದ ಹೆಸರನ್ನು ನಮ್ಮ ಜಮೀನುದಾರರಲ್ಲಿ ಅನೇಕರು ಕೇಳಿರಬಹುದು. ಬೆಣ್ಣೆಯ ವ್ಯಾಪಾರಕ್ಕೂ, 1882ರಲ್ಲಿ ಅಲ್ಲಿ ಮೊದಲಾದ ಹಾಲಿನ ಸಹಕಾರ ಸಂಘಗಳಿಗೂ ಅದು ಪ್ರಸಿದ್ಧವಾದುದು. ವಿಸ್ತಾರದಲ್ಲಿ ಅದು ಕರ್ನಾಟಕದ ಕಾಲು ಪಾಲಿಗಿಂತಲೂ ಕಡಮೆ. ಬಿಸಿಲಾದರೋ ಇನ್ನೂ ಕಡಮೆ. ಡಿಸೆಂಬರ್ ಮಾಹೆಯಲ್ಲಿ ಅಲ್ಲಿನ ಹಗಲು ಸುಮಾರು 7 ಗಂಟೆಗಳು ಮಾತ್ರ. ಕೋಪನ್‌ಹೇಗನ್ ಪಟ್ಟಣದಲ್ಲಿ ನಡುಹಗಲಿನಲ್ಲಿಯೂ ಸೂರ್ಯನು ದಿಗಂತದಿಂದ ಸುಮಾರು 11 ಡಿಗ್ರಿಯಷ್ಟೇ ಮೇಲೇರುವನು. ಜೂನ್ ಮಾಹೆಯಲ್ಲಿ ಹಗಲು ಹದಿನೇಳು ಗಂಟೆಗಳನ್ನು ಮೀರುವುದು. ಆದಕಾರಣ ಬಿಸಿಲಿನ ಶಕ್ತಿಯು ಅಲ್ಲಿ ಬೇಸಗೆಯಲ್ಲಿ ಬೇಕಾದುದಕ್ಕಿಂತ ಹೆಚ್ಚಾಗಿಯೂ, ಬೇಕಾದ ಚಳಿಗಾಲದಲ್ಲಿ ಅತ್ಯಲ್ಪವಾಗಿಯೂ ದೊರೆಯುತ್ತದೆ. ಅಲ್ಲಿನ ಕಟ್ಟಳೆಗಳೆಲ್ಲವೂ ಈ ಒಂದು ತೊಡಕನ್ನು ಬಿಡಿಸುವ ಪ್ರಯತ್ನಗಳೇ ಎಂದು ತಿಳಿಯತಕ್ಕದ್ದು.

1998ರಲ್ಲಿ ಅಲ್ಲಿನ ಸರ್ಕಾರವು ಪರೀಕ್ಷಾರ್ಥವಾಗಿ ಒಂದು ಏರ್ಪಾಡನ್ನು ಮಾಡಿತು. ಮನೆಯ ಮಾಡಿನ ಮೇಲೆ 6 ಕಿಲೋವಾಟಿಗೆ ಮೀರದ ಫಲಕಗಳನ್ನು ಹೂಡಿದವನು ಬೇಸಗೆಯಲ್ಲಿ ಮಿಕ್ಕ ವಿದ್ಯುತ್ತನ್ನು ತಂತಿಗೆ ಕೊಟ್ಟು, ಚಳಿಗಾಲದಲ್ಲಿ ಅಷ್ಟನ್ನೇ ಹಿಂದಕ್ಕೆ ಪಡೆಯಬಹುದು, ಲೆಕ್ಕವು ವರ್ಷಕ್ಕೊಮ್ಮೆ. ಕಣಜದಲ್ಲಿ ಧಾನ್ಯವನ್ನಿಟ್ಟು ಬೇಕಾದಾಗ ತೆಗೆದಂತೆ. ಇದರಲ್ಲಿ ಲಾಭವೆಲ್ಲಿಯದೆಂದರೆ, ಆ ದೇಶದಲ್ಲಿ ಗೃಹಸ್ಥನು ವಿದ್ಯುತ್ತಿಗೆ ಕೊಡುತ್ತಿದ್ದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವು ತೆರಿಗೆಯೇ ಆಗಿದ್ದಿತು. ತಾನು ಬೆಳೆದ ವಿದ್ಯುತ್ತಿಗೆ ಆ ತೆರಿಗೆಯಿಲ್ಲ. ಹೀಗೆ ಬೊಕ್ಕಸದಿಂದ ಒಂದು ಕಾಸನ್ನೂ ಎಣಿಸಿ ಕೊಡದೆಯೇ ಸರ್ಕಾರವು ದೊಡ್ಡ ಸಹಾಯಧನವನ್ನು ಕೊಟ್ಟಂತಾಯಿತು.

ಬಹುಕಾಲ ಇದನ್ನು ಹೆಚ್ಚು ಜನರು ಲಕ್ಷ್ಯಕ್ಕೆ ತರಲಿಲ್ಲ. 2011ರ ಕೊನೆಗೆ ದೇಶದಲ್ಲೆಲ್ಲ ಸುಮಾರು 17 ಮೆಗಾವಾಟ್ ಫಲಕಗಳಿದ್ದವು. ಅಷ್ಟರಲ್ಲಿ ಫಲಕಗಳ ಬೆಲೆ ಇಳಿಯಿತು. 2012ನೆಯ ವರ್ಷವೊಂದರಲ್ಲಿಯೇ ಅದು ಸುಮಾರು 400 ಮೆಗಾವಾಟಿಗೆ ಏರಿತು. 2020ಕ್ಕೆಂದು ಇಟ್ಟುಕೊಂಡಿದ್ದ ಗುರಿಯಾದರೋ 200 ಮಾತ್ರ! ತೆರಿಗೆಯ ಆದಾಯವು ಕುಗ್ಗುವುದನ್ನು ಕಂಡು ಸರ್ಕಾರವು ಗಾಬರಿಗೊಂಡಿತು. ಅದೇ ನವೆಂಬರ್ ಮಾಹೆಯಲ್ಲಿ ವಾರ್ಷಿಕ ಲೆಕ್ಕವನ್ನು ನಿಲ್ಲಿಸಿ, ಮುಂದೆ ಗಂಟೆಗಂಟೆಗೆ ಲೆಕ್ಕವೆಂದು ಪ್ರಕಟಿಸಿತು. ಅಂದರೆ ಮಧ್ಯಾಹ್ನದ ವಿದ್ಯುತ್ತು ರಾತ್ರಿಯ ದೀಪಕ್ಕೆ ವಜಾ ಆಗದು. ಮೊದಲೇ ಫಲಕಗಳನ್ನು ಕೊಂಡಿದ್ದವರಿಗೆ ಹಳೆಯ ಕ್ರಮವನ್ನು 20 ವರ್ಷಗಳವರೆಗೆ ಉಳಿಸಿಕೊಟ್ಟರು. ಇದು ನ್ಯಾಯವೇ ಸರಿ. ಆದರೆ ಸಾಲಕ್ಕೆ ಗೊತ್ತುಮಾಡಿಕೊಂಡು ಇನ್ನೂ ರುಜು ಹಾಕದೆ ಇದ್ದವನ ಲೆಕ್ಕವು ರಾತ್ರಿ ಬೆಳಗಾಗುವುದರೊಳಗೆ ಬುಡಮೇಲಾಯಿತು. ಸಹಾಯದ ದರವನ್ನು ವರ್ಷ ವರ್ಷಕ್ಕೆ ಸ್ವಲ್ಪ ಸ್ವಲ್ಪವಾಗಿ ಇಳಿಸಿದ್ದರೆ ಇಷ್ಟು ನುಗ್ಗಾಟವೂ ಇರುತ್ತಿರಲಿಲ್ಲ, ಇಷ್ಟು ಕಹಿಯೂ ಇರುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ವಿದ್ಯುತ್ತಿಗಿಂತಲೂ ನಮ್ಮವರು ಗಮನಿಸತಕ್ಕ ಇನ್ನೊಂದು ಸಂಗತಿಯುಂಟು. ಎರೋ ಎಂಬ ದ್ವೀಪದ ಮಾರ್‌ಸ್ಟಾಲ್ ಊರಿನಲ್ಲಿ ಮನೆಗಳನ್ನು ಬೆಚ್ಚಗಿಡುವ ಬಿಸಿನೀರಿನ ಕಾರ್ಖಾನೆಯು ಬಳಕೆದಾರರ ಸಹಕಾರ ಸಂಘಕ್ಕೆ ಸೇರಿದುದು. ಅವರು 1996ರಿಂದ ಬಯಲಿನಲ್ಲಿ ಬಿಸಿಲು ಹಲಗೆಗಳನ್ನು ನಿಲ್ಲಿಸಿ ನೀರನ್ನು ಕಾಯಿಸುತ್ತ ಬಂದಿರುವರು. 75,000 ಘನ ಮೀಟರ್ ನೀರು ಹಿಡಿಯುವ ಹೊಂಡವನ್ನು ತೋಡಿ, ಒಳಗೆ ಹಾಳೆ ಹಾಸಿ, ಮೇಲೆ ತೇಲುವ ಮುಚ್ಚಳವನ್ನು ಹೊದಿಸಿ, ಬೇಸಗೆಯ ಬಿಸಿಯನ್ನು ಚಳಿಗಾಲಕ್ಕೆ ಕೂಡಿಡುತ್ತಾರೆ. ನಮ್ಮ ಹಗೇವುಗಳಲ್ಲಿ ಜೋಳವನ್ನು ಹೂಳಿಡುತ್ತಿದ್ದುದು ಈ ಬುದ್ಧಿಯಿಂದಲೇ ಅಲ್ಲವೆ? ಸಿಲ್ಕೆಬೋರ್ ಎಂಬಲ್ಲಿ 2016ರಲ್ಲಿ ಸುಮಾರು 1,57,000 ಚದರ ಮೀಟರ್, ಎಂದರೆ ಹೆಚ್ಚುಕಡಮೆ 39 ಎಕರೆಯಷ್ಟು ಹಲಗೆಗಳನ್ನು ನಿಲ್ಲಿಸಿದರು. ಇಲ್ಲಿಯೂ ಉತ್ತೇಜನವು ತೆರಿಗೆಯ ಮೂಲಕವೇ: ಅನಿಲವನ್ನು ಉರಿಸಿದರೆ ತೆರಿಗೆಯುಂಟು, ಬಿಸಿಲಿಗಿಲ್ಲ.

ಈಚೆಗೆ ಅಲ್ಲಿ ಫಲಕಗಳು ಮಾಡಿನಿಂದ ಹೊಲಕ್ಕೆ ಇಳಿದಿವೆ. ಭೂಮಿಯನ್ನು ಗುತ್ತಿಗೆಗೆ ಕೊಟ್ಟವನಿಗೆ ಬಾಡಿಗೆ ಬರುತ್ತದೆ. ಪಕ್ಕದ ಮನೆಯವನಿಗೆ ಬರುವುದು ನೋಟ ಮಾತ್ರ. ಇಂಥ ಹೊಲಗಳಿಗೆ ಅಲ್ಲಿನ ಜನರು ಕಬ್ಬಿಣದ ಹೊಲಗಳೆಂದು ಹೆಸರಿಟ್ಟಿರುವರು. ಈ ಅಸಮಾಧಾನಕ್ಕಾಗಿ 2020ರಲ್ಲಿ ನಿಯಮಗಳನ್ನು ತಿದ್ದಿದರು. ಫಲಕಗಳಿಂದ 200 ಮೀಟರಿನೊಳಗೆ ವಾಸಿಸುವ ಕುಟುಂಬಗಳಿಗೆ ಉತ್ಪನ್ನವನ್ನನುಸರಿಸಿ ಪ್ರತಿವರ್ಷವೂ ಹಣ ಸಲ್ಲಬೇಕು. ಮನೆಯ ಬೆಲೆಯಿಳಿದರೆ ನಷ್ಟ ತುಂಬಿಕೊಡಬೇಕು. ಕೆಲವು ಸಂದರ್ಭಗಳಲ್ಲಿ ಆ ಮನೆಯನ್ನು ಕಂಪನಿಯೇ ಕೊಂಡುಕೊಳ್ಳಬೇಕು. ಅಲ್ಲದೆ ಊರಿನ ಪೌರಸಭೆಯ ನಿಧಿಗೂ ಒಂದು ಮೊಬಲಗನ್ನು ಕಟ್ಟಬೇಕು.

ನಮ್ಮ ಪಾವಗಡದಲ್ಲಿಯೂ ರೈತರು ಜಮೀನನ್ನು ಮಾರದೆ ಗುತ್ತಿಗೆಗೆ ಕೊಟ್ಟು ಒಡೆತನವನ್ನು ಉಳಿಸಿಕೊಂಡುದು ವಿವೇಕದ ಕೆಲಸ. ಆದರೆ ಆ ಬಾಡಿಗೆಯು ಖಾತೆದಾರನಿಗೆ ಸಲ್ಲುವುದೇ ಹೊರತು, ಅದೇ ಹೊಲದಲ್ಲಿ ಕಳೆ ಕಿತ್ತು, ಕುರಿ ಮೇಯಿಸಿ ಜೀವಿಸುತ್ತಿದ್ದವನಿಗಲ್ಲ. ಗ್ರಾಮದ ಮುಖಂಡರು ಇಂಥ ಕರಾರು ತಮ್ಮ ಊರಿಗೆ ಬಂದಾಗ, ದರ ಎಷ್ಟು, ಎಷ್ಟು ವರ್ಷಕ್ಕೊಮ್ಮೆ ಏರುವುದು, ಸರ್ಕಾರದ ನಿಯಮವು ನಡುವೆ ಬದಲಾದರೆ ನಷ್ಟ ಯಾರದು ಎಂಬುದರೊಡನೆ, ಪಕ್ಕದವನಿಗೂ ಕೂಲಿಯವನಿಗೂ ಏನು ಸಲ್ಲುವುದೆಂಬುದನ್ನೂ ರುಜುವಿಗೆ ಮುಂಚೆಯೇ ಬರಹದಲ್ಲಿ ಕೇಳಿ ಪಡೆಯತಕ್ಕದ್ದು.