ವಿಶ್ವೋತ್ಪತ್ತಿ ವಿಚಾರದಲ್ಲಿ ಒಂದು ಪೂರ್ವಪಕ್ಷ

ಶ್ರೀಮನ್ನ್ಯಾಯಸುಧೆಯ ಪಾಠವನ್ನು ಸ್ವಲ್ಪವಾದರೂ ಕೇಳಿದವರಿಗೆ ಒಂದು ಸಂಗತಿ ಸುವಿದಿತ. ಪರಪಕ್ಷವನ್ನು ಖಂಡಿಸುವ ಮುನ್ನ ಅದನ್ನು ಅದರ ವಾದಿಯೇ ಒಪ್ಪುವಷ್ಟು ಬಲವಾಗಿ ನಿರೂಪಿಸಬೇಕು. ದುರ್ಬಲಗೊಳಿಸಿದ ಪೂರ್ವಪಕ್ಷವನ್ನು ಗೆದ್ದವನು ಏನನ್ನೂ ಗೆದ್ದಂತಾಗುವುದಿಲ್ಲ. ಲೌಕಿಕ ಶಾಸ್ತ್ರಗಳಿಗೂ ಈ ನಿಯಮ ಸಲ್ಲುತ್ತದೆ. ವಿಶ್ವವು 1380 ಕೋಟಿ ವರ್ಷಗಳ ಹಿಂದೆ ಮಹಾಸ್ಫೋಟದಿಂದ ಆರಂಭವಾಯಿತೆಂದು ಇಂದು ಪ್ರೌಢಶಾಲೆಯ ಬಾಲಕರೂ ಒಪ್ಪಿಸುತ್ತಾರೆ. ಆ ಮಾತಿಗೆ ಪ್ರತಿಯಾಗಿ ಒಂದು ಕಾಲದಲ್ಲಿ ಸಮಬಲದ ಮತ್ತೊಂದು ವಾದವು ನಿಂತಿತ್ತೆಂಬುದನ್ನೂ, ಅದು ಯಾವ ಪ್ರಮಾಣಗಳಿಂದ ಬಿದ್ದಿತೆಂಬುದನ್ನೂ ಹೇಳಬಲ್ಲವರು ವಿರಳ. ಆ ವಾದದ ಕಥೆಯಲ್ಲಿ ನಮ್ಮ ದೇಶದವರ ಪಾತ್ರವೂ ಹಿರಿದಾಗಿದೆಯಾದ್ದರಿಂದ ವಾಚಕರ ಮುಂದೆ ಅದನ್ನು ಇರಿಸುತ್ತಿದ್ದೇವೆ.

1917ರಲ್ಲಿ ಐನ್‌ಸ್ಟೈನರು ತಮ್ಮ ಸಾಪೇಕ್ಷತಾ ಸಿದ್ಧಾಂತವನ್ನು ಸಮಗ್ರ ವಿಶ್ವಕ್ಕೆ ಅನ್ವಯಿಸಿದಾಗ ವಿಶ್ವವು ನಿಶ್ಚಲವೆಂದೇ ಭಾವಿಸಿದ್ದರು. ರಷ್ಯದ ಫ್ರೀಡ್‌ಮನ್ 1922ರಲ್ಲಿಯೂ, ಬೆಲ್ಜಿಯಂ ದೇಶದ ಪಾದ್ರಿ ಹಾಗೂ ಗಣಿತಜ್ಞ ಲೆಮೈತ್ರ್ 1927ರಲ್ಲಿಯೂ ಅದೇ ಸಮೀಕರಣಗಳಿಂದ ಹಿಗ್ಗುವ ವಿಶ್ವವನ್ನು ಸಾಧಿಸಿದರು. ದೂರದ ಗೆಲಾಕ್ಸಿಗಳು ದೂರಕ್ಕೆ ತಕ್ಕ ವೇಗದಿಂದ ನಮ್ಮಿಂದ ಸರಿಯುತ್ತಿವೆಯೆಂಬುದನ್ನು 1929ರಲ್ಲಿ ಅಮೆರಿಕದ ಹಬಲ್ ಪ್ರಕಟಿಸಿದ ಮೇಲೆ ಹಿಗ್ಗುವಿಕೆಯನ್ನು ಅಲ್ಲಗಳೆಯುವುದು ಕಷ್ಟವಾಯಿತು. ಹಿಗ್ಗುತ್ತಿರುವುದು ಹಿಂದೆ ಕುಗ್ಗಿದ್ದಿರಬೇಕಷ್ಟೆ. ಇಡೀ ವಿಶ್ವವು ಒಂದೇ ಆದಿಪರಮಾಣುವಿನಿಂದ ಒಡೆದು ಬಂದಿರಬಹುದೆಂದು 1931ರಲ್ಲಿ ಲೆಮೈತ್ರ್ ಸೂಚಿಸಿದರು. ಇಂದು ಮಹಾಸ್ಫೋಟವೆಂದು ಕರೆಯುವ ಮತದ ಮೂಲರೂಪವು ಇದೇ.

ಆದರೆ ಇದಕ್ಕೊಂದು ಪ್ರಬಲವಾದ ಬಾಧಕವಿತ್ತು. ಹಬಲ್ ಕಂಡ ವೇಗದಿಂದ ಹಿಂದಕ್ಕೆ ಎಣಿಸಿದರೆ ವಿಶ್ವದ ವಯಸ್ಸು ಸುಮಾರು 200 ಕೋಟಿ ವರ್ಷಗಳಾಗುತ್ತಿತ್ತು. ಇತ್ತ ಶಿಲೆಗಳಲ್ಲಿನ ವಿಕಿರಣಶೀಲ ಧಾತುಗಳಿಂದ ಗಣಿಸಿದ ಭೂಮಿಯ ವಯಸ್ಸು 1940ರ ದಶಕದಲ್ಲಿಯೇ 300 ಕೋಟಿಯನ್ನು ಮೀರಿತ್ತು. ಮಗುವಿಗಿಂತ ತಾಯಿಯೇ ಚಿಕ್ಕವಳಾದಂತಾಯಿತು! ಹಬಲ್ ಅಳೆದ ದೂರಗಳೇ ತಪ್ಪಾಗಿದ್ದವೆಂದು ಬಾಡೆ ಎಂಬ ಖಗೋಳಜ್ಞರು ತೋರಿಸಿದ್ದು 1952ರಲ್ಲಿ. ಅಲ್ಲಿಯವರೆಗೆ ಈ ವಿರೋಧವು ಪರಿಹಾರವಿಲ್ಲದೆ ನಿಂತಿತ್ತು.

ಈ ಸಂದರ್ಭದಲ್ಲಿ, 1948ರಲ್ಲಿ, ಕೇಂಬ್ರಿಜಿನ ಮೂವರು ತರುಣರು—ಹರ್ಮನ್ ಬಾಂಡಿ, ಥಾಮಸ್ ಗೋಲ್ಡ್ ಮತ್ತು ಫ್ರೆಡ್ ಹಾಯ್ಲ್—ಸ್ಥಿರಸ್ಥಿತಿ ವಾದವನ್ನು ಮಂಡಿಸಿದರು. ಕೊನೆಯು ಮೊದಲಿಗೇ ಬಂದು ಸೇರುವ ಒಂದು ಚಲನಚಿತ್ರವನ್ನು ಮೂವರೂ ಒಟ್ಟಿಗೆ ನೋಡಿದ್ದರಿಂದ ಈ ಯೋಚನೆ ಮೊಳೆಯಿತೆಂದು ಹಾಯ್ಲ್ ಹೇಳಿಕೊಂಡಿದ್ದಾರೆ. ವಾದದ ಸಾರವಿಷ್ಟು: ವಿಶ್ವವು ಹಿಗ್ಗುತ್ತಿರುವುದು ನಿಜ, ಆದರೆ ಅದಕ್ಕೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ. ಗೆಲಾಕ್ಸಿಗಳು ದೂರ ಸರಿದಂತೆ ನಡುವಣ ತೆರವಿನಲ್ಲಿ ಹೊಸ ದ್ರವ್ಯವು ತಲೆದೋರಿ ಹೊಸ ಗೆಲಾಕ್ಸಿಗಳಾಗುತ್ತದೆ. ಹೊಳೆಯ ನೀರು ಕ್ಷಣಕ್ಷಣಕ್ಕೂ ಬೇರೆಯಾದರೂ ಹೊಳೆಯು ಹಾಗೆಯೇ ತೋರುವಂತೆ, ವಿಶ್ವವು ಎಂದು ನೋಡಿದರೂ, ಎಲ್ಲಿಂದ ನೋಡಿದರೂ ಒಂದೇ ಬಗೆಯಾಗಿರುತ್ತದೆ. ಆದಿಯೇ ಇಲ್ಲವಾದ್ದರಿಂದ ವಯಸ್ಸಿನ ಬಾಧಕವು ತಾನಾಗಿ ತಪ್ಪಿತು.

ಅಸತ್ತಿನಿಂದ ಸತ್ತು ಹುಟ್ಟುವುದೆಂತು ಎಂಬ ಆಕ್ಷೇಪವನ್ನು ನಮ್ಮ ವಾಚಕರು ಈಗಾಗಲೇ ಎತ್ತಿರುತ್ತಾರೆ. ಅಂದಿನ ವಿಜ್ಞಾನಿಗಳೂ ಎತ್ತಿದರು. ಇಲ್ಲಿ ಬೇಕಾದ ಸೃಷ್ಟಿಯ ಪ್ರಮಾಣ ಅತ್ಯಲ್ಪ. ಒಂದು ಘನ ಮೀಟರ್ ಜಾಗದಲ್ಲಿ ನೂರು ಕೋಟಿ ವರ್ಷಗಳಿಗೆ ಸುಮಾರು ಒಂದು ಜಲಜನಕದ ಪರಮಾಣು ಹುಟ್ಟಿದರೆ ಸಾಕು. ಯಾವ ಪ್ರಯೋಗಶಾಲೆಯೂ ಇದನ್ನು ಹಿಡಿಯಲಾರದು. ಹಾಯ್ಲರ ಪ್ರತ್ಯುತ್ತರವು ಇನ್ನೂ ತೀಕ್ಷ್ಣ. ಸಮಸ್ತ ದ್ರವ್ಯವೂ ಒಂದೇ ಗಳಿಗೆಯಲ್ಲಿ ಅಕಾರಣವಾಗಿ ತೋರಿತೆನ್ನುವವರಿಗೆ ಅದು ಸ್ವಲ್ಪಸ್ವಲ್ಪವಾಗಿ ನಿಯಮಬದ್ಧವಾಗಿ ತೋರುತ್ತದೆಯೆಂಬುದನ್ನು ದೂಷಿಸುವ ಅಧಿಕಾರವೆಲ್ಲಿಯದು? ದೋಷವು ಉಭಯಸಮವಾದರೆ ಒಬ್ಬನ ಮೇಲೆ ಮಾತ್ರ ಹೊರಿಸಬಾರದೆಂಬ ನ್ಯಾಯ ನಮ್ಮವರಿಗೂ ಹೊಸದಲ್ಲ. ಮುಂದೆ ಹಾಯ್ಲ್ ತಮ್ಮ ಶಿಷ್ಯರೊಡನೆ ಸೇರಿ, ಋಣಶಕ್ತಿಯುಳ್ಳ ಒಂದು ಕ್ಷೇತ್ರವನ್ನು ಕಲ್ಪಿಸಿ, ಹುಟ್ಟುವ ದ್ರವ್ಯದ ಲೆಕ್ಕವನ್ನು ಅದರಿಂದ ಸರಿದೂಗಿಸಿದರು. ಮಹಾಸ್ಫೋಟವೆಂಬ ಹೆಸರನ್ನು ಕೊಟ್ಟವರೂ ಹಾಯ್ಲರೇ. 1949ರ ಬಿ.ಬಿ.ಸಿ. ರೇಡಿಯೋ ಉಪನ್ಯಾಸವೊಂದರಲ್ಲಿ ಎದುರು ಪಕ್ಷವನ್ನು ಸೂಚಿಸಲು ಬಳಸಿದ ಮಾತು ಆ ಪಕ್ಷಕ್ಕೇ ಶಾಶ್ವತ ನಾಮಧೇಯವಾಯಿತು.

ಈ ವಾದದ ದೊಡ್ಡ ಗುಣವೆಂದರೆ ಅದು ತನ್ನ ಕೊರಳನ್ನು ತಾನೇ ಚಾಚಿತ್ತು. ಬೆಳಕು ಬರಲು ಕಾಲ ಹಿಡಿಯುವುದರಿಂದ ದೂರವನ್ನು ನೋಡುವುದೆಂದರೆ ಗತಕಾಲವನ್ನು ನೋಡುವುದೇ. ದೂರದ ವಿಶ್ವವು ಸಮೀಪದ ವಿಶ್ವಕ್ಕಿಂತ ಭಿನ್ನವಾಗಿ ಕಂಡರೆ ಸ್ಥಿರಸ್ಥಿತಿ ವಾದವು ಅಲ್ಲಿಗೆ ಮುಗಿಯಿತು. ಎರಡನೆಯದಾಗಿ, ಆದಿಯ ಕುಲುಮೆಯೇ ಇಲ್ಲವೆಂದ ಮೇಲೆ ಕಬ್ಬಿಣ, ಇಂಗಾಲ, ಆಮ್ಲಜನಕಾದಿ ಧಾತುಗಳೆಲ್ಲ ನಕ್ಷತ್ರಗಳ ಒಡಲಿನಲ್ಲಿಯೇ ಬೆಂದು ಹುಟ್ಟಬೇಕು. ಈ ಎರಡನೆಯ ಬೇಡಿಕೆಯಿಂದ ಅಪೂರ್ವವಾದ ಫಲ ದೊರೆಯಿತು. ಇಂಗಾಲದ ಬೀಜಕ್ಕೆ ಇಂಥದೊಂದು ಶಕ್ತಿಸ್ಥಿತಿ ಇರಲೇಬೇಕೆಂದು 1953ರಲ್ಲಿ ಹಾಯ್ಲ್ ಅನುಮಾನಿಸಿದರು. ಪ್ರಯೋಗವು ಅದನ್ನು ದೃಢಪಡಿಸಿತು. 1957ರಲ್ಲಿ ಬರ್ಬಿಜ್ ದಂಪತಿಗಳು, ಫೌಲರ್ ಮತ್ತು ಹಾಯ್ಲ್ ಬರೆದ ಮಹಾಲೇಖನವು ಧಾತುಗಳ ಉತ್ಪತ್ತಿಯನ್ನು ವಿವರಿಸಿತು. ಅದರ ಮುಖ್ಯಾಂಶವು ಇಂದಿಗೂ ನಿಂತಿದೆ. ಫೌಲರರಿಗೆ 1983ರ ನೊಬೆಲ್ ಪಾರಿತೋಷಿಕವು ನಮ್ಮ ಚಂದ್ರಶೇಖರರೊಡನೆ ದೊರೆತಾಗ ಹಾಯ್ಲರ ಹೆಸರನ್ನು ಬಿಟ್ಟದ್ದು ಅನ್ಯಾಯವೆಂದೇ ಈ ಲೇಖಕನ ಅಭಿಪ್ರಾಯ. ವಾದವು ಬಿದ್ದರೂ ಅದು ಹೆತ್ತ ಕೂಸು ಉಳಿಯಿತು.

ಮೊದಲನೆಯ ಪರೀಕ್ಷೆಯು ಕೇಂಬ್ರಿಜಿನಲ್ಲಿಯೇ ಆರಂಭವಾಯಿತು. ಮಾರ್ಟಿನ್ ರೈಲ್ ಎಂಬವರು ಆಕಾಶದ ರೇಡಿಯೋ ಆಕರಗಳನ್ನು ಎಣಿಸತೊಡಗಿದರು. 1955ರ ಅವರ ಎಣಿಕೆಯಲ್ಲಿ ತಪ್ಪುಗಳು ಹೇರಳವಾಗಿದ್ದವು. ಆಸ್ಟ್ರೇಲಿಯದ ಎಣಿಕೆ ಅದಕ್ಕೆ ವಿರುದ್ಧವಾಗಿತ್ತು. ಆದರೆ 1961ರಲ್ಲಿ ತಿದ್ದಿದ ಎಣಿಕೆಯಲ್ಲಿಯೂ ಮಂದವಾದ, ಎಂದರೆ ಬಹುದೂರದ, ಆಕರಗಳು ಸ್ಥಿರಸ್ಥಿತಿ ವಾದವು ಒಪ್ಪುವುದಕ್ಕಿಂತ ಹೆಚ್ಚಾಗಿಯೇ ಕಂಡವು. ಆಗ ಗುರುಗಳ ಪಕ್ಷವನ್ನು ಎತ್ತಿಹಿಡಿದು ಉತ್ತರಿಸಿದವರಲ್ಲಿ ಒಬ್ಬರು ಇಪ್ಪತ್ತಮೂರರ ಆಸುಪಾಸಿನ ಭಾರತೀಯ ವಿದ್ಯಾರ್ಥಿ, ಜಯಂತ ವಿಷ್ಣು ನಾರಳೀಕರ್. ಕೊಲ್ಹಾಪುರದಲ್ಲಿ 1938ರಲ್ಲಿ ಹುಟ್ಟಿ ಕಾಶಿಯಲ್ಲಿ ಬೆಳೆದವರು. ತಂದೆ ಗಣಿತದ ಪ್ರಾಧ್ಯಾಪಕರು, ತಾಯಿ ಸಂಸ್ಕೃತ ವಿದುಷಿ. ಆಕರಗಳ ಹಂಚಿಕೆಯು ವಿಶಾಲ ಪ್ರದೇಶಗಳಲ್ಲಿ ವಿಷಮವಾಗಿರಬಹುದು, ಆದ್ದರಿಂದ ಎಣಿಕೆಯು ನಿರ್ಣಾಯಕವಲ್ಲವೆಂಬುದು ಗುರುಶಿಷ್ಯರ ಸಮಾಧಾನ. ಅದು ಅಸಂಗತವಲ್ಲ, ಆದರೆ ಪಕ್ಷವು ಆಕ್ರಮಣದಿಂದ ರಕ್ಷಣೆಗೆ ಇಳಿದುದು ಅಂದಿನಿಂದಲೇ.

ಪ್ರಬಲತಮ ಪ್ರಮಾಣವು ಹುಡುಕದೆಯೇ ಬಂದಿತು. ಅಮೆರಿಕದ ನ್ಯೂಜೆರ್ಸಿಯಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಎಂಬ ಇಬ್ಬರು ಬೆಲ್ ಸಂಸ್ಥೆಯ ಕೊಂಬಿನಾಕಾರದ ಆಂಟೆನಾವನ್ನು ಪರೀಕ್ಷಿಸುತ್ತಿದ್ದಾಗ ಎತ್ತ ತಿರುಗಿಸಿದರೂ, ಹಗಲಿರುಳೂ, ಒಂದೇ ಸಮನಾದ ಗುಂಯ್‌ಗುಟ್ಟುವಿಕೆ ಕೇಳಿತು. ಒಳಗೆ ಗೂಡು ಕಟ್ಟಿದ್ದ ಪಾರಿವಾಳಗಳನ್ನು ಓಡಿಸಿ, ಅವುಗಳ ಹಿಕ್ಕೆಯನ್ನು ತೊಳೆದು ನೋಡಿದರು, ಸದ್ದು ಹೋಗಲಿಲ್ಲ. ಅದು ಸಮಸ್ತ ಆಕಾಶವನ್ನೂ ತುಂಬಿದ, ನಿರಪೇಕ್ಷ ಶೂನ್ಯಕ್ಕಿಂತ ಮೂರೂವರೆ ಡಿಗ್ರಿಯಷ್ಟೇ ಮೇಲಿನ ತಂಪಾದ ವಿಕಿರಣವೆಂದು 1965ರಲ್ಲಿ ನಿಶ್ಚಯವಾಯಿತು. ವಿಶ್ವವು ಹಿಂದೊಮ್ಮೆ ಕಾದಿದ್ದರೆ ಅದರ ಆರಿದ ಶೇಷವು ಸುಮಾರು ಐದು ಡಿಗ್ರಿಯಲ್ಲಿ ಉಳಿದಿರಬೇಕೆಂದು ಆಲ್ಫರ್ ಮತ್ತು ಹರ್ಮನ್ 1948ರಲ್ಲಿಯೇ ಗಣಿಸಿದ್ದರು. ಅದನ್ನು ಎಲ್ಲರೂ ಮರೆತಿದ್ದರು. ಕಾಯಿಲೆಯಿಂದ ಕೃಶರಾಗಿದ್ದ ಲೆಮೈತ್ರರಿಗೆ 1966ರಲ್ಲಿ ತೀರಿಕೊಳ್ಳುವ ಸ್ವಲ್ಪ ಮೊದಲು ಈ ಸುದ್ದಿ ತಲಪಿತು.

ಹೀಲಿಯಮಿನ ವಿಷಯವು ಇನ್ನೂ ವಿಚಿತ್ರ. ವಿಶ್ವದ ಸಾಮಾನ್ಯ ದ್ರವ್ಯದಲ್ಲಿ ತೂಕದಿಂದ ಸುಮಾರು ನಾಲ್ಕನೆಯ ಒಂದು ಪಾಲು ಹೀಲಿಯಮಿದೆ. ಇಷ್ಟನ್ನು ನಕ್ಷತ್ರಗಳು ಬೇಯಿಸಿರಲಾರವು. ಒಮ್ಮೆ ಅತ್ಯುಷ್ಣ ಸ್ಥಿತಿ ಇದ್ದಿರಬೇಕು, ಇಲ್ಲವೇ ಮಹಾಕಾಯದ ವಸ್ತುಗಳಿಂದ ಆಗಿರಬೇಕು. ಹೀಗೆಂದು 1964ರಲ್ಲಿ ಲೆಕ್ಕ ಹಾಕಿ ತೋರಿಸಿದವರು ಯಾರು? ಟೇಲರ್ ಎಂಬವರೊಡನೆ ಸ್ವಯಂ ಹಾಯ್ಲರೇ! ತನ್ನ ಪಕ್ಷಕ್ಕೆ ಬಾಧಕವಾದ ಗಣಿತವನ್ನು ತಾನೇ ಮಾಡಿ ಪ್ರಕಟಿಸಿದ ಆ ಪ್ರಾಮಾಣಿಕತೆಯನ್ನು ಅವರ ಹಠವನ್ನು ನಿಂದಿಸುವವರು ಮರೆಯಬಾರದು.

1972ರಲ್ಲಿ ನಾರಳೀಕರರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಗೆ ಬಂದರು. ಅದೇ ಸಂಸ್ಥೆಯ ಗೋವಿಂದ ಸ್ವರೂಪರು ನೀಲಗಿರಿಯ ಇಳಿಜಾರಿನಲ್ಲಿ, ಉದಕಮಂಡಲದ ಬಳಿ, 530 ಮೀಟರ್ ಉದ್ದದ ರೇಡಿಯೋ ದೂರದರ್ಶಕವನ್ನು ನಿರ್ಮಿಸಿದ್ದರು. ಆ ಇಳಿಜಾರಿನ ಕೋನವು ಊರಿನ ಅಕ್ಷಾಂಶಕ್ಕೆ ಸಮವಾದ ಹನ್ನೊಂದು ಡಿಗ್ರಿ. ಆದ್ದರಿಂದ ಯಂತ್ರದ ಅಕ್ಷವು ಭೂಮಿಯ ಅಕ್ಷಕ್ಕೆ ತಾನಾಗಿ ಸಮಾಂತರವಾಯಿತು. ಚಂದ್ರನು ರೇಡಿಯೋ ಆಕರಗಳನ್ನು ಮರೆಮಾಡುವ ಕ್ಷಣಗಳನ್ನು ಹಿಡಿದು ಅವುಗಳ ಗಾತ್ರವನ್ನು ಅಳೆದು, ವಿಶ್ವವು ಕಾಲಕ್ರಮದಲ್ಲಿ ಬದಲಾಗಿದೆಯೆಂಬ ಪಕ್ಷಕ್ಕೆ ಸ್ವರೂಪರೂ ವಿಜಯ ಕಪಾಹಿಯವರೂ 1975ರಲ್ಲಿ ಬಲ ಕೊಟ್ಟರು. ಒಂದೇ ಮನೆಯಲ್ಲಿ ವಾದಿ ಪ್ರತಿವಾದಿಗಳಿಬ್ಬರೂ ಇದ್ದರೆಂದಾಯಿತು.

ನಾರಳೀಕರರು ಸೋಲೊಪ್ಪಲಿಲ್ಲ. ಹಾಯ್ಲ್ ಮತ್ತು ಜೆಫ್ರಿ ಬರ್ಬಿಜರೊಡನೆ 1993ರಲ್ಲಿ ವಾದಕ್ಕೆ ಹೊಸ ರೂಪ ಕೊಟ್ಟರು. ಇದರಲ್ಲಿ ಸೃಷ್ಟಿಯು ಎಡೆಬಿಡದೆ ನಡೆಯದೆ ಕಿರುಸ್ಫೋಟಗಳಲ್ಲಿ ನಡೆಯುತ್ತದೆ. ವಿಶ್ವವು ನಾಲ್ಕೈದು ಸಾವಿರ ಕೋಟಿ ವರ್ಷಗಳಿಗೊಮ್ಮೆ ಹಿಗ್ಗಿ ಕುಗ್ಗುತ್ತ ಒಟ್ಟಿನಲ್ಲಿ ಹಿಗ್ಗುತ್ತಲೇ ಹೋಗುತ್ತದೆ. ಹಿನ್ನೆಲೆ ವಿಕಿರಣವು ಹಳೆಯ ನಕ್ಷತ್ರಗಳ ಬೆಳಕೇ. ಕಬ್ಬಿಣದ ಸೂಜಿಯಂತಹ ಸೂಕ್ಷ್ಮಕಣಗಳು ಅದನ್ನು ಹೀರಿ ಹೊರಬಿಟ್ಟು ಸಮನಾಗಿಸಿವೆ ಎಂದು ಸಮರ್ಥನೆ. ಆದರೆ ಕೋಬ್ ಉಪಗ್ರಹವು 1990ರ ವೇಳೆಗೆ ಅಳೆದ ವಿಕಿರಣದ ವರ್ಣಪಂಕ್ತಿಯು ಒಂದೇ ಉಷ್ಣತೆಯ ಕಾಯದಿಂದ ಬಂದದ್ದಕ್ಕೆ ಎಷ್ಟು ನಿಖರವಾಗಿ ಹೊಂದಿತೆಂದರೆ, ಸೂಜಿಗಳ ಸಮಾಧಾನವು ಬಹುಮಂದಿಗೆ ಕ್ಲಿಷ್ಟಕಲ್ಪನೆಯಾಗಿ ತೋರಿತು. ಅಲ್ಪಸಂಖ್ಯಾತರ ಪಕ್ಷವನ್ನೇ ಹಿಡಿದು, ಪುಣೆಯಲ್ಲಿ 1988ರಲ್ಲಿ ಸ್ಥಾಪಿತವಾದ ಅಂತರ ವಿಶ್ವವಿದ್ಯಾಲಯ ಖಗೋಳ ಕೇಂದ್ರವನ್ನು ಕಟ್ಟಿ, ಅಲ್ಲಿ ಎದುರು ಪಕ್ಷದವರಿಗೂ ಸಮಾನ ಸ್ಥಾನವಿತ್ತು, ಅವರು 2025ರ ಮೇ 20ರಂದು ದಿವಂಗತರಾದರು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕಾಗಿದೆ. ಹಿಗ್ಗಿ ಕುಗ್ಗುವ ವಿಶ್ವವೆಂದೊಡನೆ "ಇದು ನಮ್ಮ ಕಲ್ಪಪ್ರಲಯಗಳೇ" ಎಂದು ಉತ್ಸಾಹಪಡುವವರು ನಮ್ಮಲ್ಲಿದ್ದಾರೆ. 432 ಕೋಟಿ ವರ್ಷಗಳ ಕಲ್ಪಕ್ಕೂ ಮೇಲಿನ ಸಂಖ್ಯೆಗೂ ಹೊಂದಿಕೆಯಿಲ್ಲ. ಹೊಂದಿಸಲು ಹೊರಡುವುದೂ ಬೇಡ. 1951ರ ನವೆಂಬರಿನಲ್ಲಿ ರೋಮಿನ ಪೋಪ್ ಹನ್ನೆರಡನೆಯ ಪಯಸ್ ಅವರು ಹೊಸ ಖಗೋಳವಿಜ್ಞಾನವು ತಮ್ಮ ಧರ್ಮದ ಸೃಷ್ಟಿವಚನಕ್ಕೆ ಸಾಕ್ಷಿಯೆಂಬಂತೆ ಭಾಷಣ ಮಾಡಿದರು. ಅದರಿಂದ ಕಸಿವಿಸಿಗೊಂಡವರು ಆ ವಾದದ ಪಿತೃವೂ ಅದೇ ಧರ್ಮದ ಪಾದ್ರಿಯೂ ಆದ ಲೆಮೈತ್ರರೇ. ತಮ್ಮ ಊಹೆಯು ಭೌತಶಾಸ್ತ್ರದ್ದು, ಪರಮಾರ್ಥದ ಪ್ರಶ್ನೆಯ ಹೊರಗಿನದು ಎಂಬುದು ಅವರ ನಿಲುವು. ನಾಳೆ ಅಳತೆ ಬದಲಾದರೆ ಶ್ರದ್ಧೆಯನ್ನೂ ಬದಲಿಸಬೇಕಾಗುವ ಸಂಕಟಕ್ಕೆ ಆ ಪಾದ್ರಿ ಅವಕಾಶ ಕೊಡಲಿಲ್ಲ.

ಉಳಿದ ಪರ್ಯಾಯ ವಾದಗಳನ್ನು ಸಂಕ್ಷೇಪದಲ್ಲಿ ನೋಡಬಹುದು. ಬೆಳಕು ದೂರ ಸಾಗಿ ಬಳಲುವುದರಿಂದಲೇ ಕೆಂಪಾಗುತ್ತದೆ, ವಿಶ್ವವು ಹಿಗ್ಗುತ್ತಿಲ್ಲವೆಂದು 1929ರಲ್ಲಿ ಜ್ವಿಕಿ ಹೇಳಿದರು. ಹಾಗಿದ್ದರೆ ದೂರದ ಸ್ಫೋಟನಕ್ಷತ್ರಗಳು ಆರುವ ಕಾಲವು ಹಿಗ್ಗಿ ಕಾಣಬಾರದು. ಹಿಗ್ಗಿಯೇ ಕಾಣುತ್ತದೆಂದು 1990ರ ದಶಕದಲ್ಲಿ ತಿಳಿಯಿತು. ಮಹಾಸ್ಫೋಟಕ್ಕೂ ಹಿಂದೆ ಕುಗ್ಗುವ ವಿಶ್ವವೊಂದಿತ್ತು, ಅದು ಪುಟಿದು ಇದಾಯಿತು ಎಂಬ ವಾದವು ಮಾತ್ರ ಇನ್ನೂ ಜೀವಂತ. ಅಭಯ ಅಷ್ಟೇಕರ್ ಮತ್ತು ಸಂಗಡಿಗರು 2006ರಲ್ಲಿ ಅದನ್ನು ಕ್ವಾಂಟಂ ಗಣಿತದಿಂದ ಸಾಧಿಸಿ ತೋರಿಸಿದರು, ವೀಕ್ಷಣೆಯ ಆಧಾರ ದೊರೆತಿಲ್ಲ. ಗೆದ್ದ ಪಕ್ಷವೂ ನಿರಾತಂಕವಾಗಿಲ್ಲ. ವಿಶ್ವದ ಹಿಗ್ಗುವಿಕೆಯು ತ್ವರೆಗೊಳ್ಳುತ್ತಿದೆಯೆಂದು 1998ರಲ್ಲಿ ತಿಳಿದಾಗ, ತ್ವರೆಯನ್ನು ಮೊದಲೇ ಹೇಳಿದ್ದದ್ದು ಬಿದ್ದುಹೋದ ಸ್ಥಿರಸ್ಥಿತಿ ವಾದವೆಂಬುದನ್ನು ಕೆಲವರು ನೆನಪಿಸಿದರು. ಹಿಗ್ಗುವ ವೇಗವನ್ನು ಹಿನ್ನೆಲೆ ವಿಕಿರಣದಿಂದ ಗಣಿಸಿದರೆ 67, ಸಮೀಪದ ನಕ್ಷತ್ರಗಳಿಂದ ಅಳೆದರೆ 73 ಬರುತ್ತದೆ. ಈ ಅಂತರಕ್ಕೆ ಸರ್ವಸಮ್ಮತವಾದ ಪರಿಹಾರವಿಲ್ಲ.

ಕೊನೆಗೆ ನಮ್ಮ ನಾಡಿನ ಒಂದು ಪ್ರಸಂಗ. ಮೊತ್ತಮೊದಲ ನಕ್ಷತ್ರಗಳು ಬೆಳಗಿದಾಗಿನ ಜಲಜನಕದ ಕ್ಷೀಣ ಸಂಕೇತವನ್ನು ಪಶ್ಚಿಮ ಆಸ್ಟ್ರೇಲಿಯದ ಮರುಭೂಮಿಯಲ್ಲಿ ಹಿಡಿದೆವೆಂದು 2018ರಲ್ಲಿ ಅಮೆರಿಕದ ತಂಡವೊಂದು ಸಾರಿತು. ಅದು ರೂಢ ಗಣನೆಗಿಂತ ಎಷ್ಟೋ ಪ್ರಬಲವಾಗಿದ್ದುದರಿಂದ ಹೊಸ ಭೌತಶಾಸ್ತ್ರವೇ ಬೇಕೆಂದು ಪುಂಖಾನುಪುಂಖವಾಗಿ ಲೇಖನಗಳು ಹೊರಟವು. ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯವರು ತಮ್ಮ ಸರಸ್ ಎಂಬ ಉಪಕರಣವನ್ನು ತೆಪ್ಪದ ಮೇಲಿರಿಸಿ 2020ರ ಆರಂಭದಲ್ಲಿ ದಂಡಿಗಾನಹಳ್ಳಿಯ ಕೆರೆಯಲ್ಲಿಯೂ ಶರಾವತಿಯ ಹಿನ್ನೀರಿನಲ್ಲಿಯೂ ತೇಲಬಿಟ್ಟರು. ನೆಲದ ಪದರಪದರಗಳು ಆಂಟೆನಾದ ಅಳತೆಯನ್ನು ಕಲಕುತ್ತವೆ. ನೀರು ಏಕರೂಪವಾದುದರಿಂದ ಆ ದೋಷವಿಲ್ಲ. 2022ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಹೀಗಿತ್ತು: ಆಸ್ಟ್ರೇಲಿಯದಲ್ಲಿ ಕಂಡ ಆ ಸಂಕೇತವು ಇಲ್ಲಿ ಕಾಣಲಿಲ್ಲ, ಅದು ಆಕಾಶದ್ದಲ್ಲವೆನ್ನಲು ನೂರಕ್ಕೆ ತೊಂಬತ್ತೈದರಷ್ಟು ನಿಶ್ಚಯವಿದೆ. ನಿಜವಾದ ಸಂಕೇತಕ್ಕಾಗಿ ಹುಡುಕಾಟ ನಡೆದೇ ಇದೆ.