ಹಿಮ್ಮಡಿ ನೋವು ಬಿಡದಿದ್ದರೆ ಏನು ಮಾಡಬೇಕು?



ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಡುವಾಗ ಹಿಮ್ಮಡಿಗೆ ಮುಳ್ಳು ಚುಚ್ಚಿದಂತಾಗುತ್ತದೆ. ನಾಲ್ಕು ಹೆಜ್ಜೆ ನಡೆದರೆ ತಗ್ಗಿ, ಸಂಜೆ ಮರುಕಳಿಸುತ್ತದೆ. ಹಿಮ್ಮಡಿಯಿಂದ ಬೆರಳುಗಳವರೆಗೆ ಅಂಗಾಲಿನೊಳಗಿರುವ ಗಟ್ಟಿ ಪಟ್ಟಿ ಜಗ್ಗಿ ಸವೆಯುವುದೇ ಇದಕ್ಕೆ ಸಾಮಾನ್ಯ ಕಾರಣ. ಮಾತ್ರೆ, ಎಣ್ಣೆಗಳಿಂದ ಗುಣ ಕಾಣದ ಅವಿನಾಶಿ ಭಾಗದ ರೈತರು ಈ ಕ್ರಮ ಅನುಸರಿಸಬೇಕು.

1. ಸರ್ಕಾರಿ ಆಸ್ಪತ್ರೆಯಲ್ಲಿ ಪಾದವನ್ನು ಮತ್ತೊಮ್ಮೆ ತೋರಿಸಿ, ರಕ್ತದ ಸಕ್ಕರೆ ಪರೀಕ್ಷಿಸಿಕೊಳ್ಳಿ. ಊತ, ಜೋಮು, ರಾತ್ರಿ ನೋವು ಇದ್ದರೆ ಮೂಳೆ ಬಿರುಕು ಅಥವಾ ನರದ ತೊಂದರೆ ಇರಬಹುದು.

2. ಹಾಸಿಗೆಯಿಂದ ಇಳಿಯುವ ಮುನ್ನ ನೋಯುವ ಪಾದವನ್ನು ಇನ್ನೊಂದು ತೊಡೆಯ ಮೇಲಿಟ್ಟು, ಬೆರಳುಗಳನ್ನು ಮೊಣಕಾಲಿನತ್ತ ಎಳೆದು 10 ಎಣಿಸಿ. ಹೀಗೆ 10 ಸಲ, ದಿನಕ್ಕೆ 3 ಹೊತ್ತು ಮಾಡಿ. ವಾರದಲ್ಲಿ ಬಿಡಬೇಡಿ, ಫಲಕ್ಕೆ ತಿಂಗಳುಗಳೇ ಬೇಕು.

3. ಮನೆಯೊಳಗೂ ಮೆತ್ತನೆಯ ಚಪ್ಪಲಿ ಧರಿಸಿ. ಬದುವಿನ ಮೇಲೆ ಬರಿಗಾಲಲ್ಲಿ ನಡೆಯಬೇಡಿ.

4. ಸ್ಟೀರಾಯ್ಡ್ ಚುಚ್ಚುಮದ್ದಿನ ಉಪಶಮನ ಕೆಲವು ವಾರಗಳದ್ದು. ಪದೇ ಪದೇ ಹಾಕಿಸಿದರೆ ಪಟ್ಟಿ ಹರಿಯಬಹುದು.

5. ಎಕ್ಸ್‌ರೇಯಲ್ಲಿ ಮೂಳೆ ಮೊನೆ ಕಂಡರೆ ಹೆದರಬೇಡಿ. ನೋವಿಲ್ಲದವರಲ್ಲೂ ಅದು ಇರುತ್ತದೆ. ಶಸ್ತ್ರಚಿಕಿತ್ಸೆಯ ಮಾತು 6ರಿಂದ 12 ತಿಂಗಳ ಆರೈಕೆ ಸೋತ ಮೇಲೆ. ಅದೂ ತಿರುಪ್ಪೂರು ಅಥವಾ ಕೊಯಮತ್ತೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮೂಳೆ ವೈದ್ಯರ ಸಲಹೆ ಪಡೆದ ನಂತರವೇ.

ಕಡೆಯದಾಗಿ ಒಂದು ಎಚ್ಚರಿಕೆ. ಕಾದ ಇಟ್ಟಿಗೆಯ ಮೇಲೆ ಎಕ್ಕದ ಎಲೆಯಿಟ್ಟು ಶಾಖ ಕೊಡುವ ರೂಢಿ ನಮ್ಮಲ್ಲಿದೆ. ಸಕ್ಕರೆ ಕಾಯಿಲೆಯವರ ಪಾದಕ್ಕೆ ಬಿಸಿ ತಿಳಿಯದೆ ಹೋಗಬಹುದು. ಸುಟ್ಟ ಗಾಯ ಕೊಳೆತರೆ ಕಾಲನ್ನೇ ಕಳೆದುಕೊಳ್ಳಬೇಕಾದೀತು. ಅಂಥವರು ಈ ಶಾಖವನ್ನು ಖಂಡಿತ ಬಿಡಬೇಕು.